ಬಡಗುತಿಟ್ಟಿನ ವೇಷಗಳ ಛಾಯಾಚಿತ್ರ: ಸಂಗ್ರಹ ಮತ್ತು ಪ್ರದರ್ಶನ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪ್ರದೇಶವು ಬಡಗುತಿಟ್ಟು ಯಕ್ಷಗಾನದ ನೆಲೆವೀಡು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳು ಇಲ್ಲಿಯವೇ. ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೆ ಹಾರಾಡಿ ರಾಮ ಗಾಣಿಗರಂತಹ ವೇಷಧಾರಿಯ ನಿಲುವನ್ನು ವರ್ಣನೆಯೊಂದೇ ನಮ್ಮ ಕಣ್ಣಮುಂದೆ ನಿಲ್ಲಿಸಲಾರದು. ಅದಕ್ಕೆ ಛಾಯಾಚಿತ್ರದ ನೆರವು ಬೇಕು.

ಹಳೆಯ ಚಿತ್ರಗಳನ್ನು ಓದುವಾಗ ಎಚ್ಚರಿಕೆ ಅವಶ್ಯಕ. ಗ್ಯಾಸ್‌ಲೈಟಿನ ಮಂದ ಬೆಳಕಿನಲ್ಲಿ, ಮಂದಗತಿಯ ಫಿಲ್ಮಿನಿಂದ, ಕುಣಿತವನ್ನು ಸ್ಫುಟವಾಗಿ ಹಿಡಿಯುವುದು ಕಷ್ಟವಾಗಿತ್ತು. ಆದುದರಿಂದ ನಿಶ್ಚಲವಾಗಿ ನಿಂತ ವೇಷವನ್ನು ಕಂಡು ರಂಗದ ಭಂಗಿಯೇ ಹೀಗಿತ್ತೆಂದು ನಿರ್ಣಯಿಸಲಾಗದು. ಕೆಂಪು ಬಣ್ಣವನ್ನು ಗ್ರಹಿಸದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪು ಮುಂಡಾಸೂ ಕಪ್ಪಾಗಿಯೇ ತೋರುವುದು. ಬಣ್ಣವೇ ಪಾತ್ರದ ಗುರುತಾಗಿರುವ ಕಲೆಯಲ್ಲಿ ಇದು ಸಣ್ಣ ಪ್ರಮಾದವಲ್ಲ.

ಸಂಗ್ರಾಹಕನ ಮೊದಲ ಕರ್ತವ್ಯವೆಂದರೆ ಕಲಾವಿದ, ಪಾತ್ರ, ಪ್ರಸಂಗ, ಮೇಳ, ಸ್ಥಳ, ವರ್ಷ ಇವನ್ನು ಬರೆದಿಡುವುದು. ಚಿತ್ರವು ಮನೆಯ ಗೋಡೆಯ ಮೇಲೆ ಉಳಿದಿದ್ದರೂ ಹೆಸರು ಹೇಳಬಲ್ಲ ಹಿರಿಯರು ತೀರಿಕೊಂಡ ಮೇಲೆ ಅದು ಮೂಕವಾಗುತ್ತದೆ. ಕರಾವಳಿಯ ತೇವದಿಂದ ಬೂಷ್ಟು ಹಿಡಿಯುವುದೂ ಸಹಜ. ಆದಕಾರಣ ಮೂಲಪ್ರತಿಯನ್ನು ಒಣಗಿದ, ಕತ್ತಲಾದ ಸ್ಥಳದಲ್ಲಿರಿಸಿ, ಪ್ರದರ್ಶನಕ್ಕೆ ನಕಲನ್ನೇ ಬಳಸಬೇಕು.

ಪ್ರದರ್ಶನದಲ್ಲಿ ರಂಗದ ಚಿತ್ರಗಳಷ್ಟೇ ಸಾಲವು. ಮುಂಡಾಸು ಕಟ್ಟುವ, ಮುಖವರ್ಣಿಕೆ ಬರೆಯುವ ಚೌಕಿಯ ಚಿತ್ರಗಳೂ ಕ್ರಮವಾಗಿರಬೇಕು. ವೇಷ ಸಿದ್ಧವಾಗುವ ವಿಧಾನ ತಿಳಿಯುವುದು ಅಲ್ಲಿಯೇ. ಅಂತಹ ಪ್ರದರ್ಶನವನ್ನು ಕಾಲೇಜಿನಲ್ಲಿ ಮಾತ್ರವಲ್ಲದೆ ಆಟ ನಡೆಯುವ ಬಯಲಿನಲ್ಲಿಯೂ ಏರ್ಪಡಿಸಿದರೆ, ಹೆಸರಿಲ್ಲದ ಚಿತ್ರಗಳನ್ನು ಗುರುತಿಸಬಲ್ಲವರು ನಮಗೆ ದೊರೆಯುವ ಸಂಭವವುಂಟು.