ನಿಮಗಿದು ಗೊತ್ತೇ?: ಎಣ್ಣೆ ಪಾಕೀಟಿನ ಮೇಲೆ ಕಾಣದ ಎರಡಕ್ಷರ

ಹೋಟಗಿ ಜಂಕ್ಷನ್ನಿನ ಆಚೀಚೆ ಯಾವ ಕಿರಾಣಿ ಅಂಗಡಿಯಲ್ಲಾದರೂ ಒಂದು ಚಿವಡಾ ಪಾಕೀಟು ತಿರುವಿ ನೋಡಿ. ಹಸಿರು ಚುಕ್ಕೆ, ಬೆಲೆ, ತೂಕ ಎಲ್ಲ ಇರುತ್ತವೆ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಎಣ್ಣೆಯ ಹೆಸರೂ ಇರಬೇಕು. ಬರೀ ‘ಖಾದ್ಯ ತೈಲ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ತಾಳೆಯೋ, ಸೋಯಾವೋ, ಹತ್ತಿಕಾಳೋ ಹೇಳಲೇಬೇಕು. ಹತ್ತಿಕಾಳು ಎಂದಿದ್ದರೆ ಅದು ಕುಲಾಂತರಿ ಗಿಡದ್ದೇ ಆಗಿರುವ ಸಂಭವ ಹೆಚ್ಚು. ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಟಿ ಎಂಬ ಕುಲಾಂತರಿ ಹತ್ತಿಯೇ.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಾಗ ಎಲ್ಲರ ಕಣ್ಣು ಅರಳೆಯ ಮೇಲಿತ್ತು. ಕಾಳು ಸದ್ದಿಲ್ಲದೆ ಗಿರಣಿಗೆ ಹೋಯಿತು, ಎಣ್ಣೆ ಬಾಣಲೆಗೆ ಬಂತು, ಹಿಂಡಿ ಎಮ್ಮೆಯ ಮುಂದೆ ಬಿತ್ತು. ಆ ಎಮ್ಮೆಯ ಹಾಲಿನ ಮೇಲೆ ಏನಾದರೂ ಬರೆಯಬೇಕೆ? ಲೇಬಲ್ ವಿಷಯದಲ್ಲಿ ಬಲು ಬಿಗಿಯಾದ ಯುರೋಪಿನಲ್ಲೂ ಬೇಕಿಲ್ಲ.

ಬದನೆಯದು ಬೇರೆ ಕಥೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ವಂಶವಾಹಿ ಸೇರಿಸಿದ ತಳಿಗಳಲ್ಲಿ ನಮ್ಮ ಉಡುಪಿ ಗುಳ್ಳವೂ ಇತ್ತು! 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಟಿ ಬದನೆ ಕುರಿತು ಸಾರ್ವಜನಿಕ ಸಭೆ. ಮೂರೇ ದಿನಕ್ಕೆ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಬಾಂಗ್ಲಾದೇಶ ಮಾತ್ರ 2013ರಲ್ಲಿ ಬಿಟಿ ಬದನೆಯನ್ನು ಒಪ್ಪಿಕೊಂಡಿತು.

ಹಾಗಂತ ಹೈಬ್ರಿಡ್ ಎಲ್ಲ ಕುಲಾಂತರಿಯಲ್ಲ. ಬೀಜವಿಲ್ಲದ ದ್ರಾಕ್ಷಿಯೂ ಅಲ್ಲ. ಸೊಲ್ಲಾಪುರದ ಸೋನಾಕಾ ದ್ರಾಕ್ಷಿ ಬಳ್ಳಿಯಲ್ಲಿ ತಾನಾಗಿ ಆದ ಬದಲಾವಣೆಯನ್ನು ರೈತರೇ ಗುರುತಿಸಿ ಬೆಳೆಸಿದ್ದು. ಜೋಳದ ರೊಟ್ಟಿ, ಸೇಂಗಾ ಚಟ್ನಿ ನಿಶ್ಚಿಂತೆಯಿಂದ ತಿನ್ನಿ: ಅವೆರಡರಲ್ಲೂ ಕುಲಾಂತರಿ ಬೆಳೆಗೆ ಇಲ್ಲಿ ಒಪ್ಪಿಗೆಯೇ ಇಲ್ಲ.

ಸೋಯಾದ ತಮಾಷೆ ನೋಡಿ. ಬಾರ್ಶಿಯ ರೈತ ಕುಲಾಂತರಿ ಸೋಯಾ ಬಿತ್ತುವಂತಿಲ್ಲ. ಆದರೆ ಬಹುಪಾಲು ಕುಲಾಂತರಿ ಸೋಯಾವನ್ನೇ ಬೆಳೆಯುವ ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಎಣ್ಣೆ ಹಡಗುಗಟ್ಟಲೆ ಬರುತ್ತದೆ. 2021ರ ಆಗಸ್ಟಿನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಲೂ ಕೇಂದ್ರ ಬಿಟ್ಟಿತು, ಕೋಳಿಗಳಿಗಾಗಿ.

ಹಾಗಾದರೆ ಲೇಬಲ್‌ಗೆ ನಿಯಮವೇ ಇಲ್ಲವೆ? ಇದೆ. ಕುಲಾಂತರಿ ಆಹಾರದ ಪಾಕೀಟಿನ ಮುಂಭಾಗದಲ್ಲಿ, ಮೇಲ್ತುದಿಯಲ್ಲಿ ‘ಜಿಎಂ’ ಎಂದು ಬರೆಯಬೇಕು. ಇದು 2013ರ ಜನವರಿ 1ರಿಂದ ಜಾರಿ. ಎಷ್ಟು ಅಂಶವಿದ್ದರೆ ಬರೆಯಬೇಕೆಂಬುದನ್ನು ಮಾತ್ರ ಆ ನಿಯಮ ಹೇಳಲೇ ಇಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2018ರಲ್ಲಿ 65 ಪದಾರ್ಥ ಪರೀಕ್ಷಿಸಿದಾಗ ಶೇ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತ್ತು. ಹೆಚ್ಚಿನವುಗಳ ಲೇಬಲ್ ಬಾಯಿಬಿಟ್ಟಿರಲಿಲ್ಲ. ಕೆಲವು ‘ಕುಲಾಂತರಿ ಮುಕ್ತ’ ಎಂದು ಬೇರೆ ಬರೆದುಕೊಂಡಿದ್ದವು!

ಎಷ್ಟು ಕುಲಾಂತರಿ ಅಂಶವಿದ್ದರೆ ಲೇಬಲ್ ಬೇಕೆಂಬ ಮಿತಿ ಯುರೋಪಿನಲ್ಲಿ ಶೇ 0.9, ಅಮೆರಿಕದಲ್ಲಿ ಶೇ 5, ನಮ್ಮ 2021ರ ಕರಡು ನಿಯಮದಲ್ಲಿ ಶೇ 1. ನನ್ನನ್ನು ಕೇಳಿದರೆ ಇದು ವಿಜ್ಞಾನಕ್ಕಿಂತ ವ್ಯಾಪಾರದ ಲೆಕ್ಕ. ಶುದ್ಧೀಕರಿಸಿದ ಎಣ್ಣೆಯಲ್ಲಿ ಡಿಎನ್‌ಎ ಉಳಿಯುವುದೇ ಅತ್ಯಲ್ಪ, ಅಳೆಯುವುದು ಸುಲಭವಲ್ಲ. ಲೇಬಲ್ ಎಂದರೆ ವಿಷದ ಗುರುತಲ್ಲ ಎಂಬುದೂ ನಿಜ. ಆದರೆ ಹಸಿರು ಚುಕ್ಕೆಯೂ ವಿಷದ ಗುರುತಲ್ಲವಲ್ಲ!

2024ರ ಜುಲೈ 23ರಂದು ಕುಲಾಂತರಿ ಸಾಸಿವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಭಿನ್ನ ತೀರ್ಪು ಕೊಟ್ಟರು. ಆಮದು ಕುಲಾಂತರಿ ಎಣ್ಣೆಗೆ ಲೇಬಲ್ ಕಾನೂನು ಪಾಲಿಸಲೇಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಅಂದಹಾಗೆ, ಪಾಕೀಟಿನ ಮೇಲಿನ ಕಡ್ಡಾಯ ವಿವರಗಳು ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿದ್ದರೆ ಸಾಕು, ಕನ್ನಡ ಕಂಪನಿಯ ಮರ್ಜಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮಾತ್ರ (ಸಂಖ್ಯೆ 1915) ಕನ್ನಡದಲ್ಲೇ ದೂರು ಹೇಳಬಹುದು.