ಲಘುಗಣಕವೆಂಬ ಗುಮ್ಮ

ಪ್ರೌಢ ತರಗತಿಗಳ ಗಣಿತದಲ್ಲಿ ಲಘುಗಣಕ, ಅಂದರೆ ಲಾಗರಿದಮ್, ಎದುರಾದೊಡನೆ ನಮ್ಮ ಮಕ್ಕಳ ಮುಖ ಬಾಡುವುದುಂಟು. ಸೂತ್ರಗಳನ್ನು ಬಾಯಿಪಾಠವಾಗಿ ಒಪ್ಪಿಸುವರು. ಅದು ಯಾವ ಪ್ರಶ್ನೆಗೆ ಉತ್ತರವೆಂದು ಕೇಳಿದರೆ ಮೌನ. ಇಂತಹ ಒಂದು ಅಧ್ಯಾಯಕ್ಕೆ ಅಂಜಿ ಗಣಿತವನ್ನೇ ಕೈಬಿಡುವವರೂ ಇದ್ದಾರೆ. ಈ ನಷ್ಟ ಅಲ್ಪವಾದುದಲ್ಲ.

ಪ್ರಶ್ನೆಯಾದರೋ ಸರಳವಾದುದು. ಎಷ್ಟು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 32 ಬರುವುದು? ಐದು. ಆದುದರಿಂದ 2 ಆಧಾರವಾದಾಗ 32ರ ಲಘುಗಣಕ 5; ಹಾಗೆಯೇ 8ರದು 3. ಈಗ 8ನ್ನು 32ರಿಂದ ಗುಣಿಸಬೇಕಾದರೆ 3ಕ್ಕೆ 5ನ್ನು ಕೂಡಿಸಿದರಾಯಿತು. ಎಂಟು ಎರಡುಗಳ ಗುಣಲಬ್ಧ 256, ಅದೇ ಉತ್ತರ. ಗುಣಾಕಾರ ಸಂಕಲನವಾಗಿ ಹಗುರಾಯಿತು. ಈ ಅನುಕೂಲಕ್ಕಾಗಿಯೇ ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ತನ್ನ ಕೋಷ್ಟಕಗಳನ್ನು ಪ್ರಕಟಿಸಿದನು.

ಅದಕ್ಕೂ ಶತಮಾನಗಳ ಹಿಂದೆಯೇ ಜೈನಾಚಾರ್ಯ ವೀರಸೇನರು ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ವನ್ನು ವಿವರಿಸಿದ್ದರು: ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧ ಮಾಡಿದರೆ ಒಂದು ಉಳಿಯುವುದು? 32ಕ್ಕೆ ಐದು ಬಾರಿ. ಆ ಗ್ರಂಥದ ತಾಳೆಯೋಲೆಗಳನ್ನು ಕಾಪಾಡಿಕೊಂಡು ಬಂದುದು ನಮ್ಮ ಮೂಡಬಿದಿರೆ ಎಂಬುದು ಅಭಿಮಾನದ ಸಂಗತಿ.

ಮಕ್ಕಳು ಎಡವುವುದು ಮುಖ್ಯವಾಗಿ ಒಂದೆಡೆ. 10 ಆಧಾರವಾದಾಗ 2ರ ಲಘುಗಣಕ 0.3010, 3ರದು 0.4771. ಇವೆರಡನ್ನು ಕೂಡಿಸಿದರೆ ಬರುವ 0.7781, 5ರ ಲಘುಗಣಕವೆಂದು ಬರೆದುಬಿಡುವರು. ಅದು 6ರದು! ಲಘುಗಣಕಗಳನ್ನು ಕೂಡಿಸಿದಾಗ ಸಂಖ್ಯೆಗಳು ಗುಣಿಸಲ್ಪಡುವುವೇ ಹೊರತು ಕೂಡುವುದಿಲ್ಲ. ಅರ್ಥ ತಿಳಿದವನು ಇಲ್ಲಿ ತಪ್ಪಲಾರ.

ಬಾಳಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಸಾಲ ತಂದು ಹೋಟೆಲು ತೆರೆದ ನಮ್ಮಂಥವರು ಬಡ್ಡಿಯ ಬಿಸಿಯನ್ನು ಬಲ್ಲೆವು. ವರ್ಷಕ್ಕೆ ನೂರಕ್ಕೆ 8ರಂತೆ ಚಕ್ರಬಡ್ಡಿ ಬೆಳೆದು, ನಡುವೆ ಏನನ್ನೂ ತೀರಿಸದಿದ್ದರೆ, ಸಾಲ ಇಮ್ಮಡಿಯಾಗುವುದು ಎಂದಿಗೆ? 2ರ ಲಘುಗಣಕವಾದ 0.3010ನ್ನು 1.08ರ ಲಘುಗಣಕವಾದ 0.0334ರಿಂದ ಭಾಗಿಸಿರಿ: ಸುಮಾರು 9 ವರ್ಷ. ಕಾಗದಕ್ಕೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಲೆಕ್ಕವಿದು.

ಇಂದು ಕೋಷ್ಟಕದ ಕೆಲಸವನ್ನು ಕ್ಯಾಲ್ಕುಲೇಟರ್ ಕ್ಷಣದಲ್ಲಿ ಮಾಡುವುದು; ಆದರೆ ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬುದನ್ನು ಅದು ಹೇಳಲಾರದು. ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳಿಂದ ಸೂತ್ರ ಒಪ್ಪಿಸಿಕೊಳ್ಳುವ ಮೊದಲು ‘ಎಷ್ಟು ಬಾರಿ?’ ಎಂದು ಕೇಳಿರಿ. ಉತ್ತರ ಬಂದ ದಿನ ಗುಮ್ಮ ತಾನಾಗಿ ಓಡುವುದು.