ಮನೆಗೆ ಇನ್ನು 1,900 ಕಿಲೋಮೀಟರ್ ಅಷ್ಟೇ

ಆಸ್ಟ್ರೇಲಿಯಾ ಖಂಡಕ್ಕೆ ಪ್ರದಕ್ಷಿಣೆ ಹಾಕುವ ಒಂದನೇ ನಂಬರಿನ ಹೆದ್ದಾರಿಯ ಉದ್ದ ಸುಮಾರು 14,500 ಕಿ.ಮೀ. ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ ಮಾಡುತ್ತ ತಿಂಗಳುಗಟ್ಟಲೆ ಈ ಸುತ್ತು ಹಾಕುವವರಲ್ಲಿ ನಿವೃತ್ತರೇ ಹೆಚ್ಚು. ಅಲ್ಲಿಯವರ ಬಾಯಲ್ಲಿ ಇದು ‘ಬಿಗ್ ಲ್ಯಾಪ್’. ಪರ್ತ್‌ನಿಂದ ಉತ್ತರಕ್ಕೆ ಹೊರಟವರು ಡಾರ್ವಿನ್, ಕೇರ್ನ್ಸ್, ಸಿಡ್ನಿ, ಮೆಲ್ಬರ್ನ್, ಅಡಿಲೇಡ್ ಎಲ್ಲವನ್ನೂ ಮುಗಿಸಿ ಸೆಡುನಾ ಎಂಬ ಸಣ್ಣ ಊರಿಗೆ ಬಂದರೆಂದರೆ ತಿರುಗಾಟ ಮುಗಿದಂತೆಯೇ. ಉಳಿದಿರುವುದು ಮನೆದಾರಿ. ಅದು ಸುಮಾರು 1,900 ಕಿ.ಮೀ.

ಅದರಲ್ಲಿ ಸೆಡುನಾದಿಂದ ನಾರ್ಸ್‌ಮನ್‌ವರೆಗಿನ ಮೊದಲ 1,200 ಕಿ.ಮೀ.ಗಳಲ್ಲಿ ಊರು ಎನ್ನಬಹುದಾದದ್ದು ಬೆರಳೆಣಿಕೆಯಷ್ಟು. ಆರಂಭದ ಗೋಧಿ ಹೊಲಗಳು ಮುಗಿಯುತ್ತಿದ್ದಂತೆ ನಲ್ಲಾರ್ಬೋರ್ ಬಯಲು ತೆರೆದುಕೊಳ್ಳುತ್ತದೆ. ಒಂದು ಕಾಲದ ಸಮುದ್ರದ ತಳ ಮೇಲೆದ್ದು ಆದ ಸುಣ್ಣಕಲ್ಲಿನ ಹಾಸು ಇದು; ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿ.ಮೀ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯವನ್ನು ಎತ್ತಿಟ್ಟರೂ ಜಾಗ ಮಿಗುತ್ತದೆ. ಆದರೆ ಒಂದೇ ಒಂದು ನದಿ ಸಿಗುವುದಿಲ್ಲ. ಬಿದ್ದ ಅಷ್ಟಿಷ್ಟು ಮಳೆಯನ್ನು ಸುಣ್ಣಕಲ್ಲು ಕುಡಿದುಬಿಡುತ್ತದೆ. ನೀರೆಲ್ಲ ನೆಲದಡಿಯಲ್ಲಿ: ಕಾಕಲ್‌ಬಿಡಿ ಎಂಬಲ್ಲಿರುವ ಗುಹೆಯ ಒಂದೇ ಸುರಂಗ 6 ಕಿ.ಮೀ.ಗೂ ಉದ್ದವಿದೆ, ಅದರ ಬಹುಪಾಲು ನೀರಿನಲ್ಲಿ ಮುಳುಗಿದೆ. ಮೇಲೆ ಓಡುವ ಕ್ಯಾರವಾನಿನವರು ಮಾತ್ರ ತಂದ ನೀರನ್ನೇ ಅಳೆದು ಬಳಸಬೇಕು.

ಹಾಗಾಗಿ ಈ ದಾರಿಯಲ್ಲಿ ಎಲ್ಲ ಲೆಕ್ಕವೂ ಇಲ್ಲದಿರುವುದರ ಲೆಕ್ಕವೇ. ನಲ್ಲಾರ್ಬೋರ್ ರೋಡ್‌ಹೌಸ್ ಬಿಟ್ಟರೆ ಮುಂದಿನ ಪೆಟ್ರೋಲ್ ಬಂಕ್ ಸುಮಾರು 185 ಕಿ.ಮೀ. ದೂರದ ಬಾರ್ಡರ್ ವಿಲೇಜ್‌ನಲ್ಲಿ. ಕ್ಯಾರವಾನ್ ಎಳೆಯುವ ಗಾಡಿ 100 ಕಿ.ಮೀ.ಗೆ 18 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಸೆಡುನಾದಿಂದ ನಾರ್ಸ್‌ಮನ್‌ಗೆ 216 ಲೀಟರ್ ಬೇಕು. ಎದುರುಗಾಳಿ ಬೀಸಿದರೆ ಇನ್ನೂ ಹೆಚ್ಚು. ಎದುರಿಗೆ ಸಾಲು ಟ್ರೇಲರ್‌ಗಳನ್ನು ಎಳೆಯುವ 36 ಮೀಟರ್ ಉದ್ದದ ಲಾರಿ, ಅಂದರೆ ರೋಡ್ ಟ್ರೇನ್, ಭರ್ರನೆ ಹಾದುಹೋದರಂತೂ ಕ್ಯಾರವಾನ್ ಒಮ್ಮೆ ಓಲಾಡಿ, ಸ್ಟೀರಿಂಗ್ ಹಿಡಿದ ಕೈ ಬಿಗಿಯುತ್ತದೆ.

ಎಡಗಡೆಗೆ ಹೊರಳಿದರೆ ನೆಲವೇ ಮುಗಿದುಹೋಗುತ್ತದೆ. ಬಂಡಾ ಪ್ರಪಾತಗಳು 60ರಿಂದ 120 ಮೀಟರ್ ಎತ್ತರದಿಂದ ಸೀದಾ ಸಮುದ್ರಕ್ಕೆ ಇಳಿದಿವೆ. ಅಲ್ಲಿಂದ ನೇರ ದಕ್ಷಿಣಕ್ಕೆ ಅಂಟಾರ್ಕ್ಟಿಕಾದವರೆಗೆ ಬರೀ ನೀರು.

ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ದಿನದ 24 ಗಂಟೆಯೂ ಎಚ್ಚರವಿರುವ ತಪಾಸಣಾ ಠಾಣೆಯಿದೆ. ಹುಡುಕುವುದು ಹೆಂಡವನ್ನಲ್ಲ, ಹಣ್ಣು ತರಕಾರಿಗಳನ್ನು. ಹೊರಗಿನ ಕೀಟ, ರೋಗ ರಾಜ್ಯದ ತೋಟಗಳಿಗೆ ಹೊಗಬಾರದೆಂದು ಈ ಕಾವಲು. ಜೇನುತುಪ್ಪವನ್ನೂ ಬಿಡುವುದಿಲ್ಲ. ಪರ್ತ್‌ನ ಕನ್ನಡದ ಮನೆಯವರಾದರೆ ಹಿಂದಿನ ರಾತ್ರಿ ವ್ಯಾನಿನ ಪುಟ್ಟ ಒಲೆಯ ಮೇಲೆ ಏನಾಗುತ್ತದೆಂದು ಊಹಿಸಿಕೊಳ್ಳಬಹುದು: ಉಳಿದ ಅರ್ಧ ಕೋಸು, ಎರಡು ಆಲೂಗಡ್ಡೆ, ಬಾಡಿದ ಬೀನ್ಸ್, ನಾಲ್ಕು ಈರುಳ್ಳಿ ಎಲ್ಲವೂ ಒಂದೇ ಕುಕ್ಕರಿನ ಹುಳಿಗೆ, ಅಡಿಲೇಡಿನಿಂದ ಜೋಪಾನ ಮಾಡಿ ತಂದ ಕರಿಬೇವಿನ ಕೊನೆಯ ಎಸಳೂ ಒಗ್ಗರಣೆಗೆ. ಬೆಳಿಗ್ಗೆ ಅಧಿಕಾರಿ ಫ್ರಿಜ್ಜಿನ ಬಾಗಿಲು ತೆಗೆದು, ಕಪಾಟಿನೊಳಗೆ ಬಗ್ಗಿ ನೋಡಿ, “ಜೇನು ಇದೆಯೇ?” ಎಂದು ಕೇಳಿ ಕಳಿಸುತ್ತಾರೆ.

ಅಂತೂ ಸ್ವಂತ ರಾಜ್ಯಕ್ಕೆ ಬಂದಾಯಿತು. ಮನೆ? ಇನ್ನೂ 1,400 ಕಿ.ಮೀ. ಮೇಲೆ. ಪಶ್ಚಿಮ ಆಸ್ಟ್ರೇಲಿಯಾ ಒಂದೇ ರಾಜ್ಯದ ವಿಸ್ತೀರ್ಣ 25 ಲಕ್ಷ ಚದರ ಕಿ.ಮೀ., ದೇಶದ ಮೂರನೇ ಒಂದು ಪಾಲು. ಅಲ್ಲಿನ ಬಹುತೇಕ ಜನ ಇರುವುದು ದೂರದ ಪರ್ತ್ ಒಂದರಲ್ಲೇ.

ಇಷ್ಟು ದೊಡ್ಡ ರಾಜ್ಯದ ಈ ಮೂಲೆಗೆ ಗಡಿಯಾರವೂ ಬೇರೆ. ದಕ್ಷಿಣ ಆಸ್ಟ್ರೇಲಿಯಾಕ್ಕೂ ಪರ್ತ್‌ಗೂ ಚಳಿಗಾಲದಲ್ಲಿ ಒಂದೂವರೆ ಗಂಟೆಯ ಅಂತರ. ನಡುವಿನ ಯೂಕ್ಲಾ ಮತ್ತು ಸುತ್ತಲಿನ ರೋಡ್‌ಹೌಸ್‌ಗಳವರು ಅದನ್ನು ಸರಿಯಾಗಿ ಅರ್ಧ ಮಾಡಿ, 45 ನಿಮಿಷಗಳ ತಮ್ಮದೇ ಸಮಯ ಇಟ್ಟುಕೊಂಡಿದ್ದಾರೆ. ಸರ್ಕಾರದ ಮೊಹರಿಲ್ಲದ ಆ ಸಮಯ ಪಾಲಿಸುವ ಯೂಕ್ಲಾದಲ್ಲಿ ನೂರು ಜನರೂ ಇಲ್ಲ.

ಮುಂದೆ ಕೈಗೂನಾದಿಂದ ಬ್ಯಾಲಡೋನಿಯಾ ಕಡೆಗೆ 146.6 ಕಿ.ಮೀ. ರಸ್ತೆ ಒಂದೇ ಒಂದು ತಿರುವಿಲ್ಲದೆ ಸಾಗುತ್ತದೆ. ಗಂಟೆಗೆ 90ರ ವೇಗದಲ್ಲಿ ಒಂದೂಮುಕ್ಕಾಲು ಗಂಟೆಗೆ ತುಸು ಕಡಿಮೆ. ಉತ್ತರದಲ್ಲಿ ಇದೇ ಬಯಲನ್ನು ದಾಟುವ ರೈಲುಹಳಿ ಇದನ್ನೂ ಮೀರಿಸಿ 478 ಕಿ.ಮೀ. ನೇರವಾಗಿದೆ, ಜಗತ್ತಿನಲ್ಲಿ ಅಷ್ಟುದ್ದದ ನೇರ ಹಳಿ ಇನ್ನೊಂದಿಲ್ಲ. ಹೆದ್ದಾರಿಯ ಕೆಲವೆಡೆ ಡಾಂಬರಿನ ಮೇಲೆ ರನ್‌ವೇಯ ಬಿಳಿಪಟ್ಟೆಗಳು ಕಾಣುತ್ತವೆ. ತುರ್ತು ಬಂದರೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವೀಸ್‌ನ ವಿಮಾನ ರಸ್ತೆಯ ಮೇಲೆಯೇ ಇಳಿಯುತ್ತದೆ. ಬೇಸರ ಕಳೆಯಲೂ ವ್ಯವಸ್ಥೆಯಿದೆ: 2009ರಲ್ಲಿ ಶುರುವಾದ ಗಾಲ್ಫ್ ಮೈದಾನದ ಉದ್ದ 1,365 ಕಿ.ಮೀ. ಒಂದು ಕುಳಿಗೆ ಚೆಂಡು ಹಾಕಿ, ಕ್ಯಾರವಾನ್ ಹತ್ತಿ, ಇನ್ನೊಂದು ಕುಳಿಗೆ ಹೋಗಬೇಕು. ಒಟ್ಟು 18 ಕುಳಿ.

ಇಂದು ಎರಡು ಮೂರು ದಿನಕ್ಕೆ ಮುಗಿಯುವ ಈ ಬಯಲಿನ ಅಂಚನ್ನು 1841ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಇಂಗ್ಲಿಷ್ ಅನ್ವೇಷಕ ದಾಟಿದ. ಫೆಬ್ರವರಿಯಲ್ಲಿ ಫೌಲರ್ಸ್ ಬೇ ಬಿಟ್ಟವನು ಆಲ್ಬನಿ ಸೇರಿದ್ದು ಜುಲೈನಲ್ಲಿ. ಗಿಡಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಲ್ಲಿ ಹೀರಿ ಹಿಂಡಿಕೊಂಡು ಕುಡಿದ ದಿನಗಳಿದ್ದವು. ಹೊರಟ ಐವರಲ್ಲಿ ಒಬ್ಬನ ಕೊಲೆಯಾಯಿತು, ಇಬ್ಬರು ಬಿಟ್ಟುಹೋದರು. ಕೊನೆಯವರೆಗೆ ಜೊತೆಗಿದ್ದವನು ವೈಲಿ ಎಂಬ ಮೂಲನಿವಾಸಿ ಯುವಕ.

ವೈಲಿಯ ಊರು ಆಲ್ಬನಿ ಸೀಮೆಯೇ. ಅವನು ಸತ್ತೇಹೋದನೆಂದು ನಂಬಿದ್ದ ಅವನ ಜನ ಅವನನ್ನು ಕಂಡು ಹಿಗ್ಗಿದ್ದನ್ನು ಐರ್ ಬರೆದಿಟ್ಟಿದ್ದಾನೆ. 1976ರಲ್ಲಿ ಪೂರ್ತಿ ಡಾಂಬರು ಕಂಡ ಹೆದ್ದಾರಿಗೆ ಇಟ್ಟಿದ್ದು ಐರ್‌ನ ಹೆಸರನ್ನು. ಅವನಿಗೆ ಅದು ಅನ್ವೇಷಣೆಯಾಗಿತ್ತು. ತಿಂಗಳುಗಳ ಅಲೆದಾಟ ಸಾಕಾಗಿ, ಖಾಲಿ ಫ್ರಿಜ್ಜಿನೊಂದಿಗೆ ಪಶ್ಚಿಮಕ್ಕೆ ಮುಖ ಮಾಡಿದ ಕ್ಯಾರವಾನಿನವರಿಗೆ ಅನ್ವೇಷಣೆಯೇನೂ ಬೇಕಿರುವುದಿಲ್ಲ. ಅವರು ಹೋಗುತ್ತಿರುವುದು ವೈಲಿ ಹೋದ ಕಾರಣಕ್ಕೇ.